ಕಾಸರಗೋಡು ಪೇಟೆಗೆ ಯುವ ಮುಂದಾಳುಗಳು ಬರಬೇಕಾದರೆ ಎಂತ ಮಾಡಬೇಕು? (ಚರ್ಚೆ; ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರು)

ಚಂದ್ರಗಿರಿ ತೀರ

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಷಟ್ಪಥ ಆಯಿತು. ಹೊಸ ಬಸ್ ನಿಲ್ದಾಣದ ಬಳಿ ಒಂಟಿ ಕಂಬದ ಸಾಲಿನ ಮೇಲೆ ಮೇಲ್ಸೇತುವೆ ನಿಂತಿದೆ. ಮಂಗಳೂರಿನಿಂದ ಕಣ್ಣೂರಿಗೆ ಹೋಗುವವರು ಈಗ ನಮ್ಮ ಪೇಟೆಯ ಮುಖ ನೋಡದೆ ಮೇಲಿಂದಲೇ ದಾಟುತ್ತಾರೆ. ಕೆಳಗೆ ಎಂ.ಜಿ. ರಸ್ತೆ, ಬ್ಯಾಂಕ್ ರಸ್ತೆಗಳಲ್ಲಿ ರಾತ್ರಿ ಎಂಟಾದರೆ ಶಟರ್ ಎಳೆಯುವ ಸದ್ದು. ಆಸ್ಪತ್ರೆಗೆ ಮಂಗಳೂರು, ಮದುವೆ ಜವಳಿಗೆ ಮಂಗಳೂರು, ಕಾಲೇಜಿಗೂ ಮಂಗಳೂರು.

1984ರಲ್ಲಿ ಜಿಲ್ಲೆ ಸಿಕ್ಕಿತು. ಜಿಲ್ಲೆ ಹಿಂದುಳಿದದ್ದು ಏಕೆಂದು ಪ್ರಭಾಕರನ್ ಆಯೋಗ 2012ರಲ್ಲಿ ವರದಿ ಕೊಟ್ಟಿತು, ಅದರ ಬೆನ್ನಿಗೆ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಬಂತು. ಕಟ್ಟಡಗಳೂ ಎದ್ದಿವೆ. ಅವುಗಳ ಒಳಗೆ ಕುಳಿತು ಪೇಟೆಯ ಬಗ್ಗೆ ತಲೆ ಓಡಿಸುವ, ಜವಾಬ್ದಾರಿ ಹೊರುವ 25ರಿಂದ 35ರ ವಯಸ್ಸಿನವರು ಮಾತ್ರ ಕಾಣುವುದಿಲ್ಲ. ಜಿಲ್ಲೆಯಲ್ಲೇ 1957ರ ಸರಕಾರಿ ಕಾಲೇಜು ಉಂಟು, ಪೊವ್ವಲಿನಲ್ಲಿ ಎಂಜಿನಿಯರಿಂಗ್ ಕಾಲೇಜು ಉಂಟು, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಉಂಟು. ಓದಿದವರು ಎಲ್ಲಿ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅವರನ್ನು ಹಿಡಿದು ನಿಲ್ಲಿಸಲು, ಹೋದವರನ್ನು ಕರೆತರಲು ಏನು ಮಾಡಬಹುದು ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಒಂದು ವಿನಂತಿ. "ಜಾಗೃತಿ ಮೂಡಿಸಬೇಕು", "ಯುವಕರು ಮುಂದೆ ಬರಬೇಕು" ಎಂಬ ಉತ್ತರ ಬೇಡ. ಯಾವ ಕಚೇರಿ, ಯಾವ ಅರ್ಜಿ, ಎಷ್ಟು ಹಣ, ಎಲ್ಲಿ ಎಡವುತ್ತದೆ, ಅದನ್ನು ಹೇಳಿ.

ಪ್ಲಾನ್ ಫಂಡ್ ಪುರಾಣ

ಯುವಕರಿಗೆ ವೇದಿಕೆ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಬೇಕಾದದ್ದು ವೇದಿಕೆಯಲ್ಲ, ಸಹಿ ಹಾಕುವ ಹಕ್ಕಿರುವ ಒಂದು ಸಣ್ಣ ಕುರ್ಚಿ. ಅಂಥ ಕುರ್ಚಿಗಳು ನಮ್ಮಲ್ಲಿ ಆಗಲೇ ಇವೆ, ಯಾರೂ ಕೇಳುವುದಿಲ್ಲ.

ಕೇರಳದಲ್ಲಿ 1996ರ ಆಗಸ್ಟ್ 17ಕ್ಕೆ ಶುರುವಾದ ಜನಕೀಯಾಸೂತ್ರಣದ (ಜನರೇ ಸೇರಿ ಸ್ಥಳೀಯ ಯೋಜನೆ ಮಾಡುವುದು) ಕ್ರಮ ಹೀಗೆ: ಮೊದಲು ಒಂದೊಂದು ವಿಷಯಕ್ಕೆ ಒಂದರಂತೆ ಇರುವ ವರ್ಕಿಂಗ್ ಗ್ರೂಪ್‌ಗಳನ್ನು ಪುನಾರಚಿಸುತ್ತಾರೆ. ಅವು ತಮ್ಮ ಕ್ಷೇತ್ರದ ಸ್ಥಿತಿಗತಿ ಬರೆಯುತ್ತವೆ. ಆಮೇಲೆ ವಾರ್ಡ್ ಸಭೆ, ಅಭಿವೃದ್ಧಿ ಸೆಮಿನಾರ್, ಕೌನ್ಸಿಲಿನ ತೀರ್ಮಾನ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ, ತಾಂತ್ರಿಕ ಮಂಜೂರಾತಿ, ಟೆಂಡರ್. ಈ ಸಾಲಿನಲ್ಲಿ ಹೊರಗಿನ ಮನುಷ್ಯನಿಗೆ ನಿಜವಾಗಿ ಕೈ ಹಾಕಲು ಸಿಗುವುದು ಎರಡೇ ಕಡೆ.

ಒಂದು, ವರ್ಕಿಂಗ್ ಗ್ರೂಪ್. ಇದರ ಅಧ್ಯಕ್ಷತೆ ಚುನಾಯಿತ ಸದಸ್ಯರಿಗೆ, ಕನ್ವೀನರ್ ಇಲಾಖೆಯ ನಿರ್ವಹಣಾಧಿಕಾರಿ. ಉಪಾಧ್ಯಕ್ಷ ಸ್ಥಾನ ಆ ವಿಷಯ ತಿಳಿದ, ಅಧಿಕಾರದಲ್ಲಿಲ್ಲದ ಒಬ್ಬರಿಗೆ ಮೀಸಲು. ಹೆಚ್ಚಿನ ಕಡೆ ಇಲ್ಲಿ ನಿವೃತ್ತ ನೌಕರರ ಹೆಸರೇ ವರ್ಷದಿಂದ ವರ್ಷಕ್ಕೆ ನಕಲಾಗುತ್ತದೆ. 28 ವರ್ಷದ ಸಿವಿಲ್ ಎಂಜಿನಿಯರೋ ಮತ್ಸ್ಯವಿಜ್ಞಾನ ಓದಿದವಳೋ ನಗರಸಭೆ ಕಾರ್ಯದರ್ಶಿಗೆ ಒಂದು ಪುಟದ ಬಯೋಡೇಟಾ ಕೊಟ್ಟು "ಇಂಥ ವಿಷಯದ ಗುಂಪಿಗೆ ಸೇರಿಸಿಕೊಳ್ಳಿ" ಎಂದು ಲಿಖಿತವಾಗಿ ಕೇಳಬೇಕು. ಪುನಾರಚನೆಗೆ ಮುಂಚೆ ಕೇಳಬೇಕು. ಆಮೇಲೆ ಕೇಳಿದರೆ "ಬರುವ ವರ್ಷ ನೋಡುವಾ" ಎಂಬ ಉತ್ತರ ಖಾತ್ರಿ.

ಎರಡು, ವಾರ್ಡ್ ಸಭೆ. ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಸಭೆಯಲ್ಲಿ ವಾರ್ಡಿನ ಮತದಾರರೆಲ್ಲ ಸೇರುವ ವಾರ್ಡ್ ಸಭೆ ಇರುತ್ತದೆ, ದೊಡ್ಡ ನಗರಗಳಲ್ಲಿ ಮಾತ್ರ ವಾರ್ಡ್ ಸಮಿತಿ. ನಮ್ಮ ನಗರಸಭೆಗೆ 2011ರ ಜನಗಣತಿಯಲ್ಲಿ 54 ಸಾವಿರ ಚಿಲ್ಲರೆ ಜನ. ಆದ್ದರಿಂದ ಇಲ್ಲಿ ಪ್ರತಿ ಮತದಾರನಿಗೂ ಹಾಜರಾಗುವ ಹಕ್ಕು ಉಂಟು, ಮೂರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಬೇಕು.

ಎಡವುವುದು ಎಲ್ಲಿ? ವಾರ್ಡ್ ಸಭೆಯಲ್ಲಿ ಎದ್ದುನಿಂತು "ಆಟದ ಮೈದಾನ ಬೇಕು" ಎಂದು ಹೇಳುತ್ತಾರೆ, ಕೂರುತ್ತಾರೆ. ಅದು ಪುಸ್ತಕದಲ್ಲಿ ಒಂದು ಸಾಲಾಗಿ ಸಾಯುತ್ತದೆ. ಬೇಡಿಕೆಯ ಜತೆಗೆ ಸರ್ವೆ ನಂಬರ್, ಜಾಗ ಯಾರದ್ದು, ದಾರಿ ಉಂಟಾ, ಅಂದಾಜು ಮೊತ್ತ, ಆಮೇಲೆ ನೋಡಿಕೊಳ್ಳುವವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಮಾತ್ರ ವರ್ಕಿಂಗ್ ಗ್ರೂಪ್ ಅದನ್ನು ಪ್ರಾಜೆಕ್ಟ್ ಆಗಿ ಎತ್ತಿಕೊಳ್ಳಬಹುದು. ಜಾಗದ ದಾಖಲೆ ಇಲ್ಲದ ಪ್ರಾಜೆಕ್ಟ್ ಮಾರ್ಚ್ 31ಕ್ಕೆ ಸ್ಪಿಲ್ ಓವರ್ (ಮುಗಿಯದೆ ಮುಂದಿನ ವರ್ಷಕ್ಕೆ ದಾಟಿದ ಕೆಲಸಗಳ) ಪಟ್ಟಿಗೆ ಹೋಗುತ್ತದೆ. ಅಲ್ಲಿಂದ ಹಿಂದೆ ಬಂದದ್ದು ಕಡಿಮೆ.

ಕುಂಬಳೆ ಕಡೆಯವ

ಪುರಾಣದವರೇ, ಎಲ್ಲ ಸರಿ. ಆದರೆ ಸೀಟು ಕೊಡುವುದು ಪಕ್ಷ. ವರ್ಕಿಂಗ್ ಗ್ರೂಪಿನಲ್ಲಿ ಐದು ವರ್ಷ ಕಾಗದ ಬರೆದವನಿಗೆ ಚುನಾವಣೆ ಬಂದಾಗ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಅಷ್ಟೇ.

ಪ್ಲಾನ್ ಫಂಡ್ ಪುರಾಣ

ಸುಳ್ಳಲ್ಲ ಅಣ್ಣ. ಆದರೆ ಪಕ್ಷಗಳೂ ಹೆಸರು ಹುಡುಕುತ್ತವೆ. 2020ರ ಚುನಾವಣೆಯಾದ ಮೇಲೆ ತಿರುವನಂತಪುರದಲ್ಲಿ ಆರ್ಯಾ ರಾಜೇಂದ್ರನ್ 21ನೇ ವಯಸ್ಸಿಗೆ ಮೇಯರ್ ಆದರು, ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂನಲ್ಲಿ ರೇಷ್ಮಾ ಮರಿಯಂ ರಾಯ್ 21ಕ್ಕೇ ಪಂಚಾಯತ್ ಅಧ್ಯಕ್ಷೆ. ಸ್ಪರ್ಧಿಸಲು ಕನಿಷ್ಠ ವಯಸ್ಸೇ 21. ಪಕ್ಷ ಬಾಗಿಲು ತೆರೆದ ದಿನ ನಮ್ಮ ಹುಡುಗರ ಕಾಗದ ಸರಿ ಇರಬೇಕಲ್ಲ, ಅಲ್ಲೇ ತಕರಾರು.

ಮೊದಲನೆಯದು ಮತದಾರರ ಪಟ್ಟಿ. ಕೈಯಲ್ಲಿ ಎಪಿಕ್ ಕಾರ್ಡ್ (ಮತದಾರರ ಗುರುತು ಚೀಟಿ) ಉಂಟು, ಹಾಗಾಗಿ ಹೆಸರು ಉಂಟು ಅಂತ ಹೆಚ್ಚಿನವರು ತಿಳಿದಿದ್ದಾರೆ. ಆ ಕಾರ್ಡು ಲೋಕಸಭೆ, ವಿಧಾನಸಭೆಗೆ. ಸ್ಥಳೀಯ ಸಂಸ್ಥೆಗೆ ರಾಜ್ಯ ಚುನಾವಣಾ ಆಯೋಗದ ಪಟ್ಟಿಯೇ ಬೇರೆ, ಅದಕ್ಕೆ ಬೇರೆ ಅರ್ಜಿ: ಹೆಸರು ಸೇರಿಸಲು ಫಾರಂ 4, ವಿದೇಶದಲ್ಲಿರುವವರಿಗೆ 4ಎ. ಆನ್‌ಲೈನ್‌ನಲ್ಲಿ ಹಾಕಬಹುದು, ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲೂ ಮಾಡಿಕೊಡುತ್ತಾರೆ. ಅರ್ಜಿ ಹಾಕಿ ಸುಮ್ಮನಾಗಬೇಡಿ, ವಿಚಾರಣೆಯ ನೋಟೀಸು ಬರುತ್ತದೆ. ಆ ದಿನ ಹಾಜರಾಗದಿದ್ದರೆ ಹೆಸರು ಸೇರುವುದಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳ ಹೆಸರು ತಪ್ಪುವುದು ಇಲ್ಲಿಯೇ.

ಎರಡನೆಯದು ಬಾಕಿ. ಮನೆ ತೆರಿಗೆ, ಅಂಗಡಿ ಲೈಸೆನ್ಸು, ಬಾಡಿಗೆ ಕೋಣೆ, ಯಾವುದರಲ್ಲೂ ನಗರಸಭೆಗೆ ಬಾಕಿ ಇಟ್ಟುಕೊಳ್ಳಬಾರದು. ನಗರಸಭೆಯ ಕಾಮಗಾರಿ ಗುತ್ತಿಗೆಯಲ್ಲಿ ಪಾಲು ಇರಬಾರದು. ಗೆದ್ದರೂ ಸೋತರೂ ಫಲಿತಾಂಶದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಸೋತವರು ಬೇಸರದಲ್ಲಿ ಲೆಕ್ಕ ಕೊಡುವುದಿಲ್ಲ, ಆಮೇಲೆ ಐದು ವರ್ಷ ಅನರ್ಹರಾಗುತ್ತಾರೆ. ಉತ್ಸಾಹಿ ಹುಡುಗನೊಬ್ಬ ಎರಡನೇ ಅವಕಾಶ ಕಳೆದುಕೊಳ್ಳುವುದು ಇಷ್ಟು ಸಣ್ಣ ಕಾರಣಕ್ಕೆ.

ಮೂರನೆಯದು ಮೀಸಲಾತಿ ತಿರುಗುವುದು. ಅರ್ಧ ಸ್ಥಾನ ಮಹಿಳೆಯರಿಗೆ, ಹಾಗಾಗಿ ವಾರ್ಡು ಹೆಚ್ಚು ಕಡಿಮೆ ಒಂದು ಸಲ ಮಹಿಳೆಗೆ, ಮರುಸಲ ಸಾಮಾನ್ಯಕ್ಕೆ. ಒಂದು ವಾರ್ಡಿನಲ್ಲಿ ಐದು ವರ್ಷ ದುಡಿದವನಿಗೆ ಅದೇ ವಾರ್ಡು ಸಿಗಲಿಕ್ಕಿಲ್ಲ. ಆದ್ದರಿಂದ ತಯಾರಿ ಪಕ್ಕಪಕ್ಕದ ಎರಡು ವಾರ್ಡುಗಳಲ್ಲಿ, ಒಬ್ಬ ಹುಡುಗ ಒಬ್ಬಳು ಹುಡುಗಿ ಜತೆಯಾಗಿ ನಡೆಯಬೇಕು. 2025ರ ಡಿಸೆಂಬರ್‌ನಲ್ಲಿ ಚುನಾವಣೆ ಮುಗಿಯಿತು. 2030ಕ್ಕೆ ಬೇಕಾದವರು ಈಗ ಕಾಣಿಸಿಕೊಳ್ಳಬೇಕು.

ಅಣಂಗೂರಿನ ಅಕ್ಕ

ಮೀಸಲಾತಿಯ ಮಾತು ಅರ್ಧಕ್ಕೆ ನಿಂತಿತು. ವಾರ್ಡು ಸಾಮಾನ್ಯ ಆದ ಕೂಡಲೇ ಐದು ವರ್ಷ ಕೆಲಸ ಕಲಿತ ಕೌನ್ಸಿಲರ್ ಹೆಂಗಸನ್ನು ಮನೆಗೆ ಕಳುಹಿಸುತ್ತಾರೆ. ಸಾಮಾನ್ಯ ಅಂದರೆ ಗಂಡಸು ಎಂದು ಯಾವ ಕಾನೂನಿನಲ್ಲೂ ಇಲ್ಲ. ಪೇಟೆಗೆ ಹೊಸ ಮುಂದಾಳು ಹುಡುಕುವ ಮುಂಚೆ, ತರಬೇತಿಯಾಗಿ ಕೆಲಸವಿಲ್ಲದೆ ಕುಳಿತ ಇವರ ಪಟ್ಟಿ ಮಾಡಿ. ಬಜೆಟ್ ಓದಲು ಬಲ್ಲವರು, ಇಂಜಿನಿಯರರನ್ನು ಕೇಳಿ ಕೆಲಸ ಮಾಡಿಸಿದವರು.

ಇನ್ನು ಹುಡುಗಿಯರ ವಿಷಯ. ಕೇರಳ ಸರಕಾರದ ಮಹಿಳಾ ಯೋಜನೆ ಕುಟುಂಬಶ್ರೀಯ ಅಯಲ್ಕೂಟಕ್ಕೆ (ನೆರೆಹೊರೆ ಗುಂಪು) ಒಂದು ಮನೆಯಿಂದ ಒಬ್ಬರು, ಸಾಮಾನ್ಯವಾಗಿ ಅಮ್ಮ ಅಥವಾ ಅತ್ತೆ. ಎಂ.ಕಾಂ. ಮಾಡಿದ ಮಗಳಿಗೆ ಜಾಗ ಇರಲಿಲ್ಲ. ಅದಕ್ಕೇ 2021ರಲ್ಲಿ 18ರಿಂದ 40 ವಯಸ್ಸಿನವರಿಗೆ ಆಕ್ಸಿಲಿಯರಿ ಗ್ರೂಪ್ ತಂದರು. ಒಂದು ಮನೆಯಿಂದ ಒಬ್ಬರಿಗಿಂತ ಹೆಚ್ಚು ಸೇರಬಹುದು. ಕೆಲವು ವಾರ್ಡುಗಳಲ್ಲಿ ಇದು ವಾಟ್ಸಾಪ್ ಗ್ರೂಪಿಗೆ ಇನ್ನೊಂದು ಹೆಸರಾಗಿ ಉಳಿದಿದೆ, ಯಾಕೆಂದರೆ ಅವರಿಗೆ ಕೆಲಸ ಕೊಟ್ಟಿಲ್ಲ. ಕೊಡಬಹುದಾದ ಕೆಲಸ ಬೇಕಾದಷ್ಟು ಉಂಟು. ನಗರಸಭೆಯ ಯೋಜನಾ ಹಣದಲ್ಲಿ ಶೇ. 10 ಮಹಿಳಾ ಘಟಕ ಯೋಜನೆಗೆ ಇಡಬೇಕು. ಈ ಹಣ ಎಲ್ಲಿ ಹೋಯಿತು, ಅದರಲ್ಲಿ ಎಷ್ಟು ಹೊಲಿಗೆ ಯಂತ್ರ, ಎಷ್ಟು ಶೌಚಾಲಯ, ಎಷ್ಟು ಬಳಸದೆ ಉಳಿಯಿತು ಎಂದು ಆಕ್ಸಿಲಿಯರಿ ಗ್ರೂಪಿನ ನಾಲ್ವರು ಕೂತು ಮೂರು ವರ್ಷದ ಪಟ್ಟಿ ಮಾಡಲಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಆ ಪಟ್ಟಿ ಹಿಡಿದು ವಾರ್ಡ್ ಸಭೆಗೆ ಬಂದ ಹುಡುಗಿಯನ್ನು ಯಾರೂ "ನೀನು ಯಾರ ಮಗಳು" ಎಂದು ಕೇಳುವುದಿಲ್ಲ.

ಮತ್ತೆ ಸಭೆಯ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೆಲಸಕ್ಕೆ ಹೋಗುವವರು ಬರುವುದಿಲ್ಲ, ರಾತ್ರಿ ಏಳಕ್ಕೆ ಕರೆದರೆ ಹೆಂಗಸರು ಬರುವುದಿಲ್ಲ. ಭಾನುವಾರ ಮಧ್ಯಾಹ್ನ ಮೂರು ಗಂಟೆ ಸರಿಯಾದ ಹೊತ್ತು. ಇದಕ್ಕೆ ಯಾವ ಮಂಜೂರಾತಿಯೂ ಬೇಡ.

ಗಿಳಿವಿಂಡು

ಭಾಷೆಯ ಮಾತು ಯಾರೂ ಎತ್ತಲಿಲ್ಲ, ಆಶ್ಚರ್ಯ.

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಮಲಯಾಳ ಮಾತಾಡುತ್ತಾನೆ, ಪೇಟೆಯಲ್ಲಿ ವ್ಯಾಪಾರವನ್ನೂ ಮಾಡುತ್ತಾನೆ. ಆದರೆ ಹನ್ನೆರಡು ಪುಟದ ಮಲಯಾಳ ಕಾರ್ಯಸೂಚಿಯನ್ನು ಸಭೆಯಲ್ಲಿ ಓದಿ, ಆರನೇ ಕಲಮಿಗೆ ಆಕ್ಷೇಪ ಎತ್ತಲು ಅವನಿಗೆ ಆಗುವುದಿಲ್ಲ. ಸುಮ್ಮನೆ ಕೂರುತ್ತಾನೆ, ಎರಡು ಸಭೆ ಕಳೆದ ಮೇಲೆ ಬರುವುದನ್ನೇ ಬಿಡುತ್ತಾನೆ. ಅವನಿಗೆ ಆಸಕ್ತಿ ಇಲ್ಲ ಎಂದು ಉಳಿದವರು ತೀರ್ಮಾನಿಸುತ್ತಾರೆ.

ಇಲ್ಲಿ ಎರಡು ಕೆಲಸ. ಸಂವಿಧಾನದ 350ನೇ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದು. ಹಾಗಾಗಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಆದರೆ ಕೆಳಗೆ ಮಲಯಾಳದಲ್ಲಿ ಮೂರು ಸಾಲಿನ ಸಾರಾಂಶ ಹಾಕಿ. ಇದು ಶರಣಾಗತಿಯಲ್ಲ. ತಿರುವನಂತಪುರದ ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತರ ಮೇಜಿನಲ್ಲಿ ನಿಮ್ಮ ಕಾಗದ "ಭಾಷಾಂತರಕ್ಕೆ" ಎಂಬ ಕಡತದಲ್ಲಿ ಕೊಳೆಯದಿರಲಿ ಎಂದು. ಎರಡನೆಯದಾಗಿ, ವಾರ್ಡ್ ಸಭೆಯ ನೋಟೀಸು ಮತ್ತು ಪ್ರಾಜೆಕ್ಟ್ ಪಟ್ಟಿಯನ್ನು ಮೂರು ದಿನ ಮುಂಚೆ ಪಡೆದು ಕನ್ನಡಕ್ಕೆ ಇಳಿಸುವ ತಂಡ ಬೇಕು. ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ ಉಂಟು, ಕಣ್ಣೂರು ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇಲ್ಲೇ ಉಂಟು. ಎನ್ನೆಸ್ಸೆಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಕೆಲಸ ತೋರಿಸಬೇಕು. ಸೊಪ್ಪು ಕಡಿದು ಫೋಟೋ ತೆಗೆಯುವುದಕ್ಕಿಂತ ಇದು ಮೇಲು. ನಾಲ್ಕು ವರ್ಷದ ಪದವಿ 2024ರಲ್ಲಿ ಬಂದಾಗ ಇಂಟರ್ನ್‌ಶಿಪ್ಪೂ ಪಾಠಪಟ್ಟಿಗೆ ಸೇರಿತು, ಅದನ್ನೂ ನಗರಸಭೆಯ ಕಡೆ ತಿರುಗಿಸಬಹುದು. ಈ ಕೆಲಸ ಮಾಡುವ ವಿದ್ಯಾರ್ಥಿ ಒಂದು ವರ್ಷದಲ್ಲಿ ನಗರಾಡಳಿತದ ಒಳಗುಟ್ಟು ಕಲಿತಿರುತ್ತಾನೆ.

ಪಿಎಸ್‌ಸಿಯಲ್ಲಿ (ಕೇರಳ ಲೋಕಸೇವಾ ಆಯೋಗ) ಕನ್ನಡ ಬಲ್ಲವರಿಗೆ ಎಂದು ಪ್ರತ್ಯೇಕ ಹುದ್ದೆಗಳು ಬರುತ್ತವೆ. ಅದಕ್ಕೆ ಓದುತ್ತಿರುವವರನ್ನೂ ಈ ತಂಡಕ್ಕೆ ಸೇರಿಸಿ, ಅವರಿಗೂ ಅಭ್ಯಾಸ.

ಹಳೆ ಬಸ್ ಸ್ಟ್ಯಾಂಡ್

ನೀವೆಲ್ಲ ಸಭೆ, ಸಭೆ ಎನ್ನುತ್ತೀರಿ. 27 ವರ್ಷದವ ಊರಲ್ಲಿ ನಿಲ್ಲುವುದು ಸಭೆಗಾಗಿ ಅಲ್ಲ ಮಾರಾಯ್ರೆ. ಸಂಜೆ ಏಳೂವರೆಗೆ ಕೆಲಸ ಮುಗಿಸಿ ಹೊರಗೆ ಬಂದರೆ ಒಂದು ಚಾ ಕುಡಿದು ಕೂರಲು ಜಾಗ ಇಲ್ಲದ ಪೇಟೆ ಇದು. ಗಲಾಟೆಯ ಭಯದಿಂದ ಶುರುವಾದ ಅಭ್ಯಾಸ, ಈಗ ಭಯ ಕಡಿಮೆಯಾದರೂ ಅಭ್ಯಾಸ ಹೋಗಿಲ್ಲ. ಅಂಗಡಿಯವರು "ಗಿರಾಕಿ ಇಲ್ಲ" ಎಂದು ಮುಚ್ಚುತ್ತಾರೆ, ಗಿರಾಕಿ "ಅಂಗಡಿ ಇಲ್ಲ" ಎಂದು ಬರುವುದಿಲ್ಲ, ಬಸ್ಸಿನವರು "ಜನ ಇಲ್ಲ" ಎಂದು ಕೊನೆಯ ಟ್ರಿಪ್ ಕೈಬಿಡುತ್ತಾರೆ. ಇದನ್ನು ಮೂರೂ ಕಡೆ ಒಟ್ಟಿಗೆ ಬಿಚ್ಚಬೇಕು, ಒಂದೇ ಕಡೆ ಬಿಚ್ಚಿದರೆ ಆಗುವುದಿಲ್ಲ.

ಮಾಡಬಹುದಾದದ್ದು: ಇಡೀ ಪೇಟೆ ಬೇಡ, 200 ಮೀಟರ್ ಉದ್ದದ ಒಂದೇ ರಸ್ತೆ. ಶನಿವಾರ ಮಾತ್ರ, ಹನ್ನೆರಡು ವಾರ, ರಾತ್ರಿ ಹತ್ತೂವರೆವರೆಗೆ. ಕನಿಷ್ಠ 15 ಅಂಗಡಿಯವರು ಸಹಿ ಹಾಕಿದ ಮೇಲೆಯೇ ಘೋಷಣೆ. ಮೊದಲ ಮೂರು ವಾರ ಗಿರಾಕಿ ಕಡಿಮೆ ಇರುತ್ತದೆ, ಆಗ ನಾಲ್ಕು ಅಂಗಡಿ ಮುಚ್ಚಿದರೆ ಉಳಿದವರೂ ಮುಚ್ಚುತ್ತಾರೆ. ಅದಕ್ಕೇ ಹನ್ನೆರಡು ವಾರದ ಒಪ್ಪಂದ, ವಾರ ತಪ್ಪಿಸಿದವರು ಸಾಮಾನ್ಯ ನಿಧಿಗೆ ಇಷ್ಟು ಕೊಡಬೇಕು ಎಂಬ ಷರತ್ತು.

ಕಾಗದಪತ್ರದ ಕಡೆಯಿಂದ: ತಿಂಡಿ ಗಾಡಿಯವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇರಬೇಕು. ಗಾಡಿ ನಿಲ್ಲುವ ಜಾಗ ತೀರ್ಮಾನಿಸುವುದು 2014ರ ಬೀದಿ ವ್ಯಾಪಾರಿ ಕಾಯ್ದೆಯ ಪಟ್ಟಣ ವ್ಯಾಪಾರ ಸಮಿತಿ. ಅದರಲ್ಲಿ ಶೇ. 40 ವ್ಯಾಪಾರಿಗಳೇ ಆರಿಸಿದ ಸದಸ್ಯರು ಇರಬೇಕು, ಆದ್ದರಿಂದ ಅವರನ್ನು ಬಿಟ್ಟು ಯೋಜನೆ ಹಾಕಿದರೆ ಮೊದಲ ವಾರವೇ ಜಗಳ. ಮಹಿಳಾ ಸಿಬ್ಬಂದಿ ರಾತ್ರಿ ಒಂಬತ್ತರ ನಂತರ ನಿಲ್ಲಬೇಕಾದರೆ ಅವರ ಒಪ್ಪಿಗೆ ಬೇಕು, ಕನಿಷ್ಠ ಐವರು ಸಿಬ್ಬಂದಿ, ಅವರಲ್ಲಿ ಇಬ್ಬರು ಮಹಿಳೆಯರಿರಬೇಕು, ಮನೆ ತಲುಪಿಸುವ ವ್ಯವಸ್ಥೆಯೂ ಬೇಕು. ಮೈಕ್ ಇಟ್ಟರೆ ಹತ್ತಕ್ಕೆ ಬಂದ್. ಪ್ಲಾಸ್ಟಿಕ್ ಲೇಪದ ಪೇಪರ್ ಕಪ್ಪನ್ನೂ ಕೇರಳ 2020ರಿಂದ ನಿಷೇಧಿಸಿದೆ, ಸ್ಟೀಲ್ ಲೋಟ ತೊಳೆಯುವ ನೀರಿನ ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಇಂಥ ರಾತ್ರಿ ಪೇಟೆ ನೆಲ ಕಚ್ಚುವುದು ಹೆಚ್ಚಾಗಿ ಕಸ, ನೀರು, ಮೂತ್ರಾಲಯ ಈ ಮೂರರಲ್ಲಿ. ಗಾಯಕರು ಬರಲಿಲ್ಲ ಎಂದು ಯಾವುದೂ ನಿಂತಿಲ್ಲ.

ಇದನ್ನು ನಡೆಸಲು ಇಬ್ಬರು ಬೇಕು, 30ರೊಳಗಿನವರು. ವ್ಯಾಪಾರಿಗಳ ಜತೆ ಒಬ್ಬ, ಪೊಲೀಸ್ ಮತ್ತು ನಗರಸಭೆ ಜತೆ ಒಬ್ಬ. ಹನ್ನೆರಡು ವಾರ ಮುಗಿಯುವ ಹೊತ್ತಿಗೆ ಪೇಟೆಯ ಪ್ರತಿ ಅಂಗಡಿಯವನಿಗೂ ಅವರ ಹೆಸರು ಗೊತ್ತಿರುತ್ತದೆ.

ಮಧೂರು ಲೈನ್

ಬಸ್ಸಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ.

ಹಳೆ ಬಸ್ ಸ್ಟ್ಯಾಂಡ್

ಹೊಸ ಪರ್ಮಿಟ್‌ಗೆ ಕಾಯಬೇಡಿ, ಆರ್‌ಟಿಎ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ಸಭೆಗೆ ಅರ್ಜಿ ಹೋಗಿ ಬರುವಷ್ಟರಲ್ಲಿ ಹನ್ನೆರಡು ವಾರ ಮುಗಿದಿರುತ್ತದೆ. ಈಗಿರುವ ಪರ್ಮಿಟ್‌ಗಳ ಸಮಯಪಟ್ಟಿ ನೋಡಿ. ಕೆಲವು ಬಸ್ಸಿಗೆ ರಾತ್ರಿ ಟ್ರಿಪ್ ಪರ್ಮಿಟ್‌ನಲ್ಲೇ ಉಂಟು, ಓಡಿಸುವುದಿಲ್ಲ. ಮಧೂರು, ಚೆರ್ಕಳ, ಕುಂಬಳೆ ಮೂರು ದಾರಿಗೆ ಶನಿವಾರ ತಲಾ ಒಂದು ಬಸ್ಸು ಹತ್ತು ಮುಕ್ಕಾಲಿಗೆ ಹೊರಟರೆ ಸಾಕು. ಡೀಸೆಲ್ ಖರ್ಚು ಹುಟ್ಟದಿದ್ದರೆ ವ್ಯತ್ಯಾಸವನ್ನು ಆ 15 ಅಂಗಡಿಗಳು ಹಂಚಿಕೊಳ್ಳಬೇಕು. ಬಸ್ಸು ಬರುತ್ತದೆ ಎಂಬ ನಂಬಿಕೆ ಮುಖ್ಯ, ಒಂದು ಶನಿವಾರ ತಪ್ಪಿದರೂ ಜನ ಮತ್ತೆ ಕಾಯುವುದಿಲ್ಲ.

ದೇರಾ ದುಬೈ

ಇಲ್ಲಿ ಗಲ್ಫಿನಲ್ಲಿ ಕೂತವರ ಕಡೆಯಿಂದ ಒಂದು ಮಾತು. ಅಮೆರಿಕದ ತುಲ್ಸಾ ನಗರ 2018ರಿಂದ ಹೊರಗಿನಿಂದ ಬಂದು ನೆಲೆಸುವ ರಿಮೋಟ್ ಕೆಲಸಗಾರರಿಗೆ 10,000 ಡಾಲರ್ ಕೊಡುತ್ತದೆ, ಒಂದು ವರ್ಷ ಅಲ್ಲಿ ಇರಬೇಕು ಎಂಬ ಷರತ್ತು. ಹಣ ಕೊಡುವುದು ಸರಕಾರವಲ್ಲ, ಒಂದು ಕುಟುಂಬದ ಪ್ರತಿಷ್ಠಾನ. ನಮ್ಮ ಗಲ್ಫ್ ಸಂಘಗಳು ಅಂಥದ್ದೊಂದು ಮಾಡಬಾರದೇಕೆ? ಹಬ್ಬಕ್ಕೆ, ಟೂರ್ನಮೆಂಟಿಗೆ, ಕಮಾನಿಗೆ ಹೋಗುವ ಹಣ ಸಣ್ಣದಲ್ಲ.

ಲೆಕ್ಕದ ಮಾಷ್ಟ್ರು

ಮಾಡಬಹುದು. ಆದರೆ ತುಲ್ಸಾ ಕರೆದದ್ದು ಆಗಲೇ ಕೆಲಸ ಇದ್ದವರನ್ನು. ಕೆಲಸವನ್ನೇ ಸಣ್ಣ ಊರಿಗೆ ಒಯ್ದ ಉದಾಹರಣೆ ಹತ್ತಿರದಲ್ಲೇ ಉಂಟು: ಸಾಫ್ಟ್‌ವೇರ್ ಕಂಪನಿ ಝೋಹೊ 2011ರಲ್ಲಿ ತಮಿಳುನಾಡಿನ ತೆಂಕಾಶಿಯ ಮತ್ತಲಂಪಾರೈಗೆ ಹೋಯಿತು, ಆಮೇಲೆ ಕೇರಳದ ಕೊಟ್ಟಾರಕ್ಕರಕ್ಕೂ ಬಂತು. ಅಂಥ ಕಂಪನಿ ಬರಲಿ ಎಂದು ಕಾದು ಕೂರುವ ಬದಲು ಆರು ಜನರಿಂದ ಶುರು ಮಾಡಬಹುದು. ಕೋಝಿಕ್ಕೋಡಿನಲ್ಲಿ ಕಲೆಕ್ಟರರ ಇಂಟರ್ನ್‌ಶಿಪ್ 2015ರಿಂದ ನಡೆದಿದೆ. ನಮ್ಮದು ಅದಕ್ಕಿಂತ ಭಿನ್ನ ಇರಬೇಕು: ಸಂಬಳ ಇರಬೇಕು, ಕೈಯಲ್ಲಿ ಸ್ವಲ್ಪ ಹಣ ಇರಬೇಕು.

ಅಂದಾಜು ಹೀಗೆ. ಆರು ಜನ, ಹತ್ತು ತಿಂಗಳು, ತಿಂಗಳಿಗೆ ₹18,000: ಒಟ್ಟು ₹10.8 ಲಕ್ಷ. ಪ್ರತಿಯೊಬ್ಬರ ಕೆಲಸಕ್ಕೆ ₹1 ಲಕ್ಷದ ನಿಧಿ: ₹6 ಲಕ್ಷ. ಒಬ್ಬ ಸಂಯೋಜಕರಿಗೆ ತಿಂಗಳಿಗೆ ₹25,000: ₹2.5 ಲಕ್ಷ. ವಿಮೆ, ಓಡಾಟ, ಆಡಿಟ್ ₹70,000. ಕೂಡಿದರೆ ₹20 ಲಕ್ಷ. ಇದರಲ್ಲಿ ಉಳಿಸಲು ಹೋಗಿ ಆ ಆರು ಲಕ್ಷದ ಕೆಲಸದ ನಿಧಿಯನ್ನು ಕತ್ತರಿಸಬೇಡಿ. ಕೈಯಲ್ಲಿ ಹಣ ಇಲ್ಲದ ಹುಡುಗನನ್ನು ಕಚೇರಿಯಲ್ಲಿ ಕೂಡಿಸಿದರೆ ಎರಡೇ ವಾರದಲ್ಲಿ ಅವನನ್ನು ಎಕ್ಸೆಲ್ ತುಂಬಿಸಲು ಹಚ್ಚುತ್ತಾರೆ. ಲಕ್ಷ ರೂಪಾಯಿಯ ಸಹಿ ಇದ್ದವನನ್ನು ಕರೆದು ಕೂರಿಸುತ್ತಾರೆ.

ಪ್ರತಿಯೊಬ್ಬರಿಗೂ ಒಂದೇ ಕೆಲಸ, ಬರೆದು ಕೊಟ್ಟದ್ದು. ಹಳೆ ಬಸ್ಸ್ಟ್ಯಾಂಡಿನವರ ಶನಿವಾರದ ರಸ್ತೆ ಒಬ್ಬರಿಗೆ. ವಾರ್ಡ್ ಸಭೆಯ ಕನ್ನಡ ಕಾಗದ ಒಬ್ಬರಿಗೆ. 1938ರ ಕಾಸರಗೋಡು ನೇಕಾರರ ಸಹಕಾರ ಸಂಘದ ಸೀರೆಗೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಇದ್ದರೂ ಪೇಟೆಯಲ್ಲೇ ಅದು ಎಲ್ಲಿ ಸಿಗುತ್ತದೆಂದು ಕೇಳಿದರೆ ತಡವರಿಸುತ್ತಾರೆ, ಅದರ ಮಾರಾಟ ಒಬ್ಬರಿಗೆ. ಸಿಪಿಸಿಆರ್‌ಐಯ (ಕೇಂದ್ರೀಯ ತೋಟದ ಬೆಳೆ ಸಂಶೋಧನಾ ಸಂಸ್ಥೆ) ಕಲ್ಪರಸದಂಥ (ತೆಂಗಿನ ಹೂಗೊಂಚಲಿನ ಸಿಹಿ ರಸ) ತಂತ್ರಜ್ಞಾನವನ್ನು ಪೇಟೆಯ ನಾಲ್ಕು ಹೋಟೆಲಿಗೆ ದಾಟಿಸುವುದು ಒಬ್ಬರಿಗೆ. ಉಳಿದ ಇಬ್ಬರನ್ನು ನಗರಸಭೆ ಹೇಳಿದ ಕೆಲಸಕ್ಕೆ ಬಿಡಿ, ಇಲ್ಲದಿದ್ದರೆ ನಗರಸಭೆಯವರಿಗೆ ಇದು ನಮ್ಮದು ಅನ್ನಿಸುವುದಿಲ್ಲ.

ಗಲ್ಫ್ ಹಣದ ವಿಷಯದಲ್ಲಿ ಎಚ್ಚರ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನ್ವಯಿಸುತ್ತದೆ. ದುಬೈಯಲ್ಲಿ ನೋಂದಾಯಿತ ಸಂಸ್ಥೆಯ ಖಾತೆಯಿಂದ ಬಂದರೂ ಹಾಗೆಯೇ. ಆದ್ದರಿಂದ ಸಂಘದ ಖಾತೆಯಿಂದ ಒಟ್ಟಿಗೆ ಕಳುಹಿಸಬೇಡಿ, ಒಬ್ಬೊಬ್ಬರೂ ತಮ್ಮ ಖಾತೆಯಿಂದ ಕಳುಹಿಸಿ, ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಯ) ಹಣ ಬೇಕಾದರೆ ಆದಾಯ ತೆರಿಗೆ ಇಲಾಖೆಯ ನೋಂದಣಿಗಳು (12ಎ, 80ಜಿ ಎಂದು ಕರೆಯುತ್ತಿದ್ದವು) ಆದ ಮೇಲೆ ಸಿಎಸ್‌ಆರ್-1 ನೋಂದಣಿಯೂ ಬೇಕು.

ಕುಂಬಳೆ ಕಡೆಯವ

ಮಾಷ್ಟ್ರೇ, 18 ಸಾವಿರ ಸಂಬಳ ಎಂದ ಕೂಡಲೇ ಪಿಎಸ್‌ಸಿ ಫಲಿತಾಂಶ ಕಾಯುತ್ತಿರುವವರೇ ಅರ್ಜಿ ಹಾಕುತ್ತಾರೆ. ನಾಲ್ಕನೇ ತಿಂಗಳಿಗೆ ಆರ್ಡರ್ ಬಂದರೆ ಹೋದರು. ಸಂಬಳ ಇಲ್ಲದೆ ಸಂಜೆ ಎರಡು ಗಂಟೆ ಕೊಡುವವನೇ ನಿಜವಾದ ಮುಂದಾಳು.

ಲೆಕ್ಕದ ಮಾಷ್ಟ್ರು

ಸಂಬಳ ಇಲ್ಲದೆ ಎರಡು ಗಂಟೆ ಕೊಡಬಲ್ಲವನ ಮನೆಯಲ್ಲಿ ಯಾರೋ ಸಂಪಾದಿಸುವವರು ಇರುತ್ತಾರೆ ಅಣ್ಣ. ಆಗ ತಂದೆಗೆ ಅಂಗಡಿಯೋ ತೋಟವೋ ಇರುವ ಹುಡುಗರೇ ಮುಂದಾಳುಗಳಾಗುತ್ತಾರೆ. ನೆಲ್ಲಿಕುಂಜೆ, ಕಸಬಾ ಕಡಪ್ಪುರದ ಮೀನುಗಾರರ ಮನೆಯ ಹುಡುಗ ಬರುವುದಿಲ್ಲ.

ಬಿಟ್ಟು ಹೋಗುವ ತೊಂದರೆ ನಿಜ, ಅದಕ್ಕೆ ಉಪಾಯ ಉಂಟು. ಆಯ್ಕೆ ಮಾಡುವಾಗ ಎಂಟು ಜನರ ಪಟ್ಟಿ ಮಾಡಿ, ಇಬ್ಬರನ್ನು ಕಾಯುವ ಪಟ್ಟಿಯಲ್ಲಿಟ್ಟು ತಿಂಗಳ ಸಭೆಗೆ ಕರೆಯುತ್ತಿರಿ. ಪ್ರತಿ ತಿಂಗಳು ಎರಡು ಪುಟದ ಹಸ್ತಾಂತರ ಟಿಪ್ಪಣಿ ಬರೆಸಿ: ಯಾರ ಜತೆ ಮಾತಾಯಿತು, ಯಾವ ಕಡತ ಯಾರ ಮೇಜಿನಲ್ಲಿ, ಮುಂದಿನ ತಾರೀಕು ಯಾವುದು. ಟಿಪ್ಪಣಿ ಕೊಟ್ಟ ಮೇಲೆ ಆ ತಿಂಗಳ ಹಣ. ಅಧಿಕಾರಿಗೆ ವರ್ಗವಾದಾಗಲೂ ಇದೇ ಟಿಪ್ಪಣಿ ಉಪಯೋಗಕ್ಕೆ ಬರುತ್ತದೆ. ಕಾಸರಗೋಡಿಗೆ ಹಾಕಿದ ದಿನದಿಂದಲೇ ಊರ ಕಡೆ ವರ್ಗಕ್ಕೆ ಅರ್ಜಿ ಹಾಕುವವರು ಎಷ್ಟು ಜನ ಎಂಬುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ.

ಅಣಂಗೂರಿನ ಅಕ್ಕ

ಆರರಲ್ಲಿ ಮೂವರು ಹುಡುಗಿಯರು ಎಂದು ಮೊದಲೇ ಬರೆದಿಡಿ. ಆಯ್ಕೆ ಸಮಿತಿಯಲ್ಲಿ ಇಬ್ಬರಾದರೂ 30ರ ಕೆಳಗಿನವರು ಇರಲಿ.

ದೇರಾ ದುಬೈ

ವಾಪಸು ಬಂದು ಏನಾದರೂ ಶುರು ಮಾಡುವವರಿಗೆ?

ಲೆಕ್ಕದ ಮಾಷ್ಟ್ರು

ಎರಡು ವರ್ಷವಾದರೂ ಹೊರಗೆ ಕೆಲಸ ಮಾಡಿ ಬಂದವರಿಗೆ ನೋರ್ಕಾದ (ಕೇರಳದ ಅನಿವಾಸಿಗಳ ಇಲಾಖೆ) ಎನ್‌ಡಿಪ್ರೇಮ್ ಯೋಜನೆ: ₹30 ಲಕ್ಷದವರೆಗಿನ ಯೋಜನೆಗೆ ಶೇ. 15 ಬಂಡವಾಳ ಸಬ್ಸಿಡಿ, ಗರಿಷ್ಠ ₹3 ಲಕ್ಷ, ಮೇಲಿಂದ ಶೇ. 3 ಬಡ್ಡಿ ರಿಯಾಯಿತಿ. ಊರಲ್ಲೇ ಇರುವವರಿಗೆ ಪಿಎಂಇಜಿಪಿ (ಸ್ವಂತ ಉದ್ಯಮಕ್ಕೆ ಕೇಂದ್ರದ ಸಾಲ-ಸಬ್ಸಿಡಿ ಯೋಜನೆ): ತಯಾರಿಕೆಗೆ ₹50 ಲಕ್ಷ, ಸೇವೆಗೆ ₹20 ಲಕ್ಷದವರೆಗೆ. ಸಬ್ಸಿಡಿ ನಗರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 15, ಮಹಿಳೆ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಪರಿಶಿಷ್ಟರಿಗೆ ಶೇ. 25. ಪಂಚಾಯತ್ ವ್ಯಾಪ್ತಿಯಲ್ಲಿ ಇದು ಶೇ. 25 ಮತ್ತು 35 ಆಗುತ್ತದೆ. ಪೇಟೆಯ ಗಡಿ ದಾಟಿ ಮಧೂರು, ಚೆಂಗಳದಲ್ಲಿ ಘಟಕ ಹಾಕುವವರ ಗುಟ್ಟು ಇದೇ, ಪೇಟೆ ಬರಿದಾಗಲು ಒಂದು ಕಾರಣವೂ ಹೌದು. ಸಬ್ಸಿಡಿ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಇರುತ್ತದೆ. ಅದನ್ನು ನಂಬಿ ಯಂತ್ರಕ್ಕೆ ಅಡ್ವಾನ್ಸ್ ಕೊಟ್ಟವರು ಸಿಕ್ಕಿಬೀಳುತ್ತಾರೆ. ಬಾಡಿಗೆ ಕರಾರು 11 ತಿಂಗಳದ್ದಾದರೆ ಬ್ಯಾಂಕ್ ಒಪ್ಪುವುದು ಕಷ್ಟ, ಸಾಲದ ಅವಧಿಗೆ ಹೊಂದುವ ಕರಾರು ಮಾಡಿಸಿ. ಆ ವರ್ಷದ ನಿಯಮವನ್ನು ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ.

ಚಂದ್ರಗಿರಿ ತೀರ

ಆ ₹20 ಲಕ್ಷವನ್ನು ಯಾರ ಹೆಸರಿನಲ್ಲಿ ಇಡುವುದು? ಈಗಿರುವ ಯಾವುದಾದರೂ ಸಂಘದಲ್ಲಿ ಇಡಬಹುದೇ?

ಪ್ಲಾನ್ ಫಂಡ್ ಪುರಾಣ

ಹೊಸದೇ ಮಾಡಿ. ಹಳೆ ಸಂಘಕ್ಕೆ ಹಳೆ ಜಗಳವೂ ಜತೆಗೆ ಬರುತ್ತದೆ. ನಾವು ಹಳೆ ಮದ್ರಾಸ್ ರಾಜ್ಯದ ಕಡೆಯವರು, ನಮಗೆ 1860ರ ಸೊಸೈಟಿ ನೋಂದಣಿ ಕಾಯ್ದೆ. ತಿರುವನಂತಪುರದ ಕಡೆಯ ಮಾದರಿ ಬೈಲಾ ತಂದರೆ ಅದು 1955ರ ತಿರುವಿದಾಂಕೂರು-ಕೊಚ್ಚಿ ಕಾಯ್ದೆಯದ್ದಾಗಿರುತ್ತದೆ, ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಂದೆ ಕಳುಹಿಸುತ್ತಾರೆ. ಕನಿಷ್ಠ ಏಳು ಸದಸ್ಯರು ಸಾಕು. ಬೈಲಾದಲ್ಲಿ ಮೂರು ಮಾತು ತಪ್ಪದೆ ಹಾಕಿ: ಕಾರ್ಯದರ್ಶಿ ಮತ್ತು ಖಜಾಂಚಿ 35ರೊಳಗಿನವರು, ಒಂದೇ ಹುದ್ದೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚಿಲ್ಲ, ಚೆಕ್ಕಿಗೆ ಇಬ್ಬರ ಸಹಿ. ಹಿರಿಯರು ಸಲಹಾ ಸಮಿತಿಯಲ್ಲಿ ಇರಲಿ, ಚೆಕ್ ಪುಸ್ತಕದ ಹತ್ತಿರ ಬೇಡ.

ವಾರ್ಷಿಕ ಮಹಾಸಭೆಯ ನಂತರ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಮೊದಲ ವರ್ಷ ಎಲ್ಲರೂ ಸಲ್ಲಿಸುತ್ತಾರೆ. ಎರಡನೇ ವರ್ಷ ಪದಾಧಿಕಾರಿ ಬದಲಾದಾಗ ಮರೆಯುತ್ತಾರೆ, ಹೊಸ ಖಜಾಂಚಿಯ ಸಹಿಯನ್ನು ಬ್ಯಾಂಕ್ ಒಪ್ಪುವುದಿಲ್ಲ, ಹಣ ಖಾತೆಯಲ್ಲೇ ಕಟ್ಟಿಬೀಳುತ್ತದೆ. ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಅನುದಾನಕ್ಕೆ ಅರ್ಜಿ ಹಾಕುವ ಯೋಚನೆ ಇದ್ದರೂ ಮೊದಲು ಜೋಡಿಸಬೇಕಾದದ್ದು ನೋಂದಣಿ ಪತ್ರ ಮತ್ತು ಆಡಿಟ್ ಆದ ಲೆಕ್ಕ.

ಗಿಳಿವಿಂಡು

ಬೈಲಾ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಕನ್ನಡದ ಕರಡು ಮಾಡಿ ಇಲ್ಲೇ ಹಾಕುತ್ತೇನೆ, ಪುರಾಣದವರು ಕಲಮು ಕಲಮು ನೋಡಿಕೊಡಲಿ. ಮಲಯಾಳದ್ದನ್ನು ಯಾರು ಬರೆಯುತ್ತೀರಿ?

ಮಧೂರು ಲೈನ್

ಮಲಯಾಳದ್ದು ನನಗೆ ಬಿಡಿ. ಮತ್ತೆ ಹಳೆ ಬಸ್ ಸ್ಟ್ಯಾಂಡಿನವರೇ, ಆ 15 ಅಂಗಡಿಯವರ ಸಹಿ ಹಾಳೆಯ ನಮೂನೆ ಇದ್ದರೆ ಹಾಕಿ. ತಪ್ಪಿಸಿದವರು ಕೊಡಬೇಕಾದ ಮೊತ್ತವನ್ನು ಖಾಲಿ ಬಿಡಿ, ಅದನ್ನು ಅಂಗಡಿಯವರೇ ತುಂಬಲಿ.